ಟೆನಿಸ್ ಕಲಿಯಲು ಬರುವ ಮಕ್ಕಳು ಒಂದೇ ವರ್ಷದಲ್ಲಿ ಯಾಕೆ ಬಿಡ್ತಾರೆ? ಆಡಿ, ಕಲಿಸಿ ಕಂಡದ್ದು ಬರೆದಿದ್ದೇನೆ, ನೀವೂ ಹೇಳಿ

ಮಸಾರಿ ಕೋರ್ಟ್, ವಿಜಯಪುರ

ಎಲ್ಲರಿಗೂ ನಮಸ್ಕಾರ. ಪ್ರತಿ ಬೇಸಿಗೆ ರಜೆಗೆ ನಮ್ಮ ಕಡೆ ಟೆನಿಸ್ ಶಿಬಿರಕ್ಕೆ ಮಕ್ಕಳು ತುಂಬಿ ಬರುತ್ತಾರೆ. ಶಾಲೆ ಶುರುವಾದ ಮೇಲೆ ನೋಡಿದರೆ ಅರ್ಧ ಮಂದಿ ಇರುವುದಿಲ್ಲ. ಮುಂದಿನ ಬೇಸಿಗೆಗೆ ಮತ್ತೆ ಹೊಸ ಮುಖಗಳು. ಪಾಲಕರನ್ನು ಕೇಳಿದರೆ "ಅವನಿಗೆ ಇಂಟರೆಸ್ಟ್ ಹೋಯ್ತು ಸರ್" ಅಂತಾರೆ. ಇಂಟರೆಸ್ಟ್ ಸುಮ್‌ಸುಮ್ನೆ ಹೋಗುವುದಿಲ್ಲ. ನಾವು ಕಲಿಸುವ ರೀತಿಯೇ ಅದನ್ನು ಓಡಿಸುತ್ತದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾನು ಈ ಆಟಕ್ಕೆ ಬಂದದ್ದು ಚೆಂಡು ಹೆಕ್ಕಿ ಕೊಡುವ ಹುಡುಗನಾಗಿ. ಎಪ್ಪತ್ತರ ದಶಕ. ಊರಿಗೆ ಆಗ ಬಿಜಾಪುರ ಅಂತಲೇ ಹೆಸರು. ಅಧಿಕಾರಿಗಳು, ವಕೀಲರು, ಡಾಕ್ಟರು ಸಂಜೆ ಬಿಳಿ ಚಡ್ಡಿ ಹಾಕಿಕೊಂಡು ಆಡಲು ಬರುತ್ತಿದ್ದರು. ಅವರು ಚಹಾಕ್ಕೆ ಕೂತ ಮೇಲೆ ಕತ್ತಲಾಗುವ ತನಕ ಕೋರ್ಟ್ ನಮ್ಮದು. ರಾಕೆಟ್ ಮರದ್ದು. ಆಟ ಮುಗಿದ ಮೇಲೆ ಅದು ಸೊಟ್ಟಗಾಗದಂತೆ ನಾಲ್ಕು ಮೂಲೆಗೆ ಸ್ಕ್ರೂ ಇರುವ ಪ್ರೆಸ್‌ನಲ್ಲಿ ಬಿಗಿದಿಡಬೇಕಿತ್ತು. ಹಿರಿಯರು ರಾಮನಾಥನ್ ಕೃಷ್ಣನ್ ಅವರ ಕಥೆ ಹೇಳುತ್ತಿದ್ದರು. 1960 ಮತ್ತು 1961, ಎರಡು ವರ್ಷ ಸಾಲಾಗಿ ವಿಂಬಲ್ಡನ್ ಸೆಮಿಫೈನಲ್ ಆಡಿದವರು. ಜೋರಾಗಿ ಹೊಡೆಯದೆ, ಜಾಗ ನೋಡಿ ಚೆಂಡು ಇಟ್ಟು ಗೆಲ್ಲುತ್ತಿದ್ದರಂತೆ. ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ನ 1974ರ ಫೈನಲ್ ಮಾತು ಬಂದರೆ ಎಲ್ಲರ ದನಿಯೂ ಏರುತ್ತಿತ್ತು. ವರ್ಣಭೇದ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾ ಜೊತೆ ಆಡಲ್ಲ ಅಂತ ಭಾರತ ಕಪ್ಪನ್ನೇ ಬಿಟ್ಟುಕೊಟ್ಟಿತ್ತು. ಹುಡುಗರಾದ ನಮಗೆ ಅದೆಲ್ಲ ಪೂರ್ತಿ ತಿಳಿಯದಿದ್ದರೂ, ಇದು ದೊಡ್ಡ ಆಟ ಅನ್ನೋದು ಮಾತ್ರ ಮನಸ್ಸಿಗೆ ಇಳಿದಿತ್ತು.

ನಮಗೆ ಯಾರೂ ಕೋಚಿಂಗ್ ಕೊಡಲಿಲ್ಲ. ಆದರೂ ಆಗ ಜೊತೆಗಿದ್ದ ಹುಡುಗರಲ್ಲಿ ಸುಮಾರು ಮಂದಿ ಅರವತ್ತು ದಾಟಿ ಇವತ್ತಿಗೂ ಆಡುತ್ತಾರೆ. ಈಗ ಕೋಚ್ ಇದ್ದಾರೆ, ಶೂ ಇದೆ, ಗ್ರಾಫೈಟ್ ರಾಕೆಟ್ ಇದೆ. ಮಕ್ಕಳು ಮಾತ್ರ ಉಳಿಯುತ್ತಿಲ್ಲ. ಯಾಕೆ ಅಂತ ಬಹಳ ಯೋಚನೆ ಮಾಡಿದೆ.

ಉತ್ತರ ಚೆಂಡಿನಲ್ಲಿದೆ ಅನಿಸುತ್ತದೆ. ದೊಡ್ಡವರ ಹಳದಿ ಚೆಂಡನ್ನು 100 ಇಂಚು ಎತ್ತರದಿಂದ ಬಿಟ್ಟರೆ ಅದು 53ರಿಂದ 58 ಇಂಚು ಪುಟಿಯಬೇಕು ಅಂತ ನಿಯಮ ಇದೆ. ಏಳು ವರ್ಷದ ಮಗುವಿನ ಎತ್ತರವೇ ಹೆಚ್ಚುಕಡಿಮೆ 48 ಇಂಚು! ಚೆಂಡು ಪುಟಿದು ಬಂದಾಗ ಆ ಮಗು ಏನು ಮಾಡುತ್ತದೆ, ಒಮ್ಮೆ ನಿಂತು ನೋಡಿ. ಹಿಂದೆ ಹಿಂದೆ ಸರಿಯುತ್ತದೆ. ಮೊಣಕೈ ಮೇಲೆತ್ತುತ್ತದೆ. ಹಿಡಿತವನ್ನು ರಾಕೆಟ್ಟಿನ ಕೆಳಗೆ ತಿರುಗಿಸಿಕೊಂಡು ಚೆಂಡನ್ನು ತಲೆಯ ಹತ್ತಿರ ಹೊಡೆಯುತ್ತದೆ. ಚೆಂಡು ಬೇಲಿ ಆಚೆ. ಕೋಚ್ "ಗ್ರಿಪ್ ತಪ್ಪು" ಅಂತ ಕೂಗುತ್ತಾರೆ. ತಪ್ಪು ಗ್ರಿಪ್ಪಿನದಲ್ಲ. ಆ ಎತ್ತರಕ್ಕೆ ಆ ಮಗು ಬೇರೆ ಹೇಗೂ ಹೊಡೆಯಲು ಆಗಲ್ಲ.

ನಮ್ಮ ಕಾಲದಲ್ಲಿ ನಮಗೆ ಸಿಗುತ್ತಿದ್ದದ್ದು ಹಿರಿಯರು ಆಡಿ ಬಿಟ್ಟ ಹಳೇ ಚೆಂಡು. ಗಾಳಿ ಹೋಗಿ ಸತ್ತ ಚೆಂಡು. ಅದು ನಮ್ಮ ಸೊಂಟದಷ್ಟೇ ಏಳುತ್ತಿತ್ತು. ಹಾಗಾಗಿ ಮೊದಲ ವಾರದಿಂದಲೇ ಹತ್ತಾರು ಸಲ ಆಚೆ ಈಚೆ ಹೊಡೆದಾಡಲು ಆಗುತ್ತಿತ್ತು. ಬಡತನದಿಂದ ಬಂದ ಆ ಚೆಂಡೇ ನಮ್ಮನ್ನು ಆಟದಲ್ಲಿ ಉಳಿಸಿತು ಅಂತ ನಾನು ನಂಬಿದ್ದೇನೆ.

ಇವತ್ತು ಇದೇ ವಿಚಾರವನ್ನು ಲೆಕ್ಕ ಹಾಕಿ ಮಾಡಿದ ಚೆಂಡುಗಳಿವೆ. ಕೆಂಪು, ಕಿತ್ತಳೆ, ಹಸಿರು. ಕೆಂಪು ಚೆಂಡು ಹಳದಿಗಿಂತ ಮುಕ್ಕಾಲು ಪಾಲು ನಿಧಾನ, ಕಿತ್ತಳೆ ಅರ್ಧ, ಹಸಿರು ಕಾಲು ಪಾಲು. ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ 2007ರಲ್ಲಿ ಇದನ್ನು ಅಭಿಯಾನವಾಗಿ ಶುರು ಮಾಡಿತು. 2012ರಿಂದ ಹತ್ತು ವರ್ಷದೊಳಗಿನವರ ಪಂದ್ಯಗಳಿಗೆ ಹಳದಿ ಚೆಂಡನ್ನು ನಿಯಮದಲ್ಲೇ ತೆಗೆದುಹಾಕಿದೆ. ಆದರೂ ನಮ್ಮ ಶಿಬಿರಗಳಲ್ಲಿ ಆರು ವರ್ಷದ ಕೂಸಿಗೂ ಹಳದಿ ಚೆಂಡೇ.

ನಾನು ಕಲಿಸುವುದು ಮಗು ಅರವತ್ತಾದರೂ ಆಡುತ್ತಿರಲಿ ಅಂತ. ಆಮೇಲೆ ಯಾರಾದರೂ ದೊಡ್ಡ ಆಟಗಾರರಾದರೆ ಬಹಳ ಸಂತೋಷ. ನಿಮ್ಮ ಊರಲ್ಲಿ ಹೇಗಿದೆ? ಬರೆಯಿರಿ.

ಟಿಳಕವಾಡಿ ತಾಯಿ, ಬೆಳಗಾವಿ

ಸರ್, ಓದಿ ಮನಸ್ಸಿಗೆ ಬಹಳ ಹತ್ತಿರ ಆಯ್ತು. ನನ್ನ ಮಗಳಿಗೆ ಎಂಟು ವರ್ಷ. ಒಂದು ಶಿಬಿರಕ್ಕೆ ಕಳಿಸಿದ್ದೆ, ಹೆಸರು ಬೇಡ. ಒಂದೇ ಕೋರ್ಟು, ಇಪ್ಪತ್ತಕ್ಕೂ ಜಾಸ್ತಿ ಮಕ್ಕಳು. ಸಾಲಾಗಿ ನಿಲ್ಲಬೇಕು. ಕೋಚ್ ಬುಟ್ಟಿಯಿಂದ ಒಂದು ಚೆಂಡು ಎಸೀತಾರೆ, ಹೊಡೆದು ಸಾಲಿನ ಹಿಂದೆ ಹೋಗಿ ನಿಲ್ಲಬೇಕು. ಒಂದು ತಾಸಿನಲ್ಲಿ ಅವಳು ಚೆಂಡು ಮುಟ್ಟಿದ್ದಕ್ಕಿಂತ ಸಾಲಲ್ಲಿ ನಿಂತದ್ದೇ ಜಾಸ್ತಿ. "ಅಮ್ಮಾ, ಅಲ್ಲಿ ಬರೀ ನಿಲ್ಲಿಸ್ತಾರೆ" ಅಂದಳು. ಬಿಡಿಸಿದೆವು.

ಎರಡು ಪ್ರಶ್ನೆ. ಜಾಸ್ತಿ ಮಕ್ಕಳಿದ್ದರೆ ಕೋಚ್ ಆದ್ರೂ ಏನು ಮಾಡಬೇಕು? ಮತ್ತೆ ನಮ್ಮ ಬೆಳಗಾವಿ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಕೋರ್ಟ್ ಒಣಗೋದೇ ಇಲ್ಲ. ಅಷ್ಟು ದಿನ ಬಿಟ್ಟರೆ ಮಕ್ಕಳು ಮರೀತಾರೆ ಅಲ್ವಾ?

ಮಸಾರಿ ಕೋರ್ಟ್, ವಿಜಯಪುರ

ತಾಯಿ, ನಿಮ್ಮ ಮಗಳು ಸರಿಯಾಗಿ ಹೇಳಿದ್ದಾಳೆ. ಸಾಲಿನಲ್ಲಿ ನಿಲ್ಲಿಸುವುದೇ ನಮ್ಮ ಕಡೆಯ ದೊಡ್ಡ ರೋಗ.

ಇಪ್ಪತ್ತು ಮಕ್ಕಳಿಗೂ ಒಂದೇ ಕೋರ್ಟ್ ಸಾಕಾಗುತ್ತದೆ. ಹೇಗೆ ಅಂತ ಹೇಳ್ತೀನಿ. ಡಬಲ್ಸ್ ಕೋರ್ಟಿನ ಅಗಲ 36 ಅಡಿ. ಕೆಂಪು ಚೆಂಡಿನ ಮಕ್ಕಳ ಕೋರ್ಟಿನ ಉದ್ದವೂ 36 ಅಡಿಯೇ. ಅಂದರೆ ಮಕ್ಕಳನ್ನು ಅಡ್ಡಡ್ಡ ಆಡಿಸಬೇಕು. ದೊಡ್ಡ ಕೋರ್ಟಿನ ಉದ್ದ 78 ಅಡಿ. ಅದರ ನಡುವೆ, ನೆಟ್ಟಿಗೆ ಅಡ್ಡವಾಗಿ, ಈ ತುದಿಯಿಂದ ಆ ತುದಿಗೆ ಹಗ್ಗ ಕಟ್ಟಿ. ಮಗುವಿನ ಸೊಂಟದ ಎತ್ತರಕ್ಕೆ ಬಂದರೆ ಸಾಕು. ಹಗ್ಗಕ್ಕೆ ಹಳೇ ಬಟ್ಟೆ ತುಂಡು ಇಳಿಬಿಟ್ಟರೆ ಕಾಣುತ್ತದೆ. ನಾಲ್ಕು ಪುಟ್ಟ ಕೋರ್ಟ್ ಆಯ್ತು. ಒಂದೊಂದರಲ್ಲಿ ನಾಲ್ಕು ಮಕ್ಕಳು, ಅಂದರೆ ಹದಿನಾರು ಮಂದಿ ಒಟ್ಟಿಗೇ ಆಡುತ್ತಿರುತ್ತಾರೆ. ಉಳಿದವರು ಅಂಕ ಎಣಿಸುತ್ತಾರೆ, ಐದು ನಿಮಿಷಕ್ಕೆ ಬದಲಿ. ಕೋಚ್ ಬುಟ್ಟಿ ಬದಿಗಿಟ್ಟು ಒಬ್ಬೊಬ್ಬರ ಹತ್ತಿರ ಹೋಗಿ ತಿದ್ದಬಹುದು.

ಮಳೆಗಾಲಕ್ಕೆ ಸ್ಪಂಜಿನ ಚೆಂಡು ತನ್ನಿ. ಶಾಲೆಯ ವರಾಂಡ, ಕಲ್ಯಾಣ ಮಂಟಪ, ಮನೆಯ ಪಡಸಾಲೆ, ಎಲ್ಲಿ ಬೇಕಾದರೂ ನಡೆಯುತ್ತದೆ. ಎಂಟು ವರ್ಷಕ್ಕೆ ರಾಕೆಟ್ 23 ಅಥವಾ 25 ಇಂಚಿನದು ಸಾಕು. "ಮುಂದೆ ಬೆಳೀತಾಳೆ" ಅಂತ 27 ಇಂಚಿನದನ್ನು ಕೊಡಿಸಬೇಡಿ, ಮಣಿಕಟ್ಟು ನೋಯುತ್ತದೆ.

ಹೊಳೆಸಾಲಿನವ, ಬಾಗಲಕೋಟೆ ನವನಗರ

ಕಾಕಾ, ನಮಸ್ಕಾರ ರೀ. ನಮ್ಮ ಸಮಸ್ಯೆ ಬೇರೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಜಾಗ ಹೋದ ಮೇಲೆ ನವನಗರದಲ್ಲಿ ರಸ್ತೆ, ಮೈದಾನ ಎಲ್ಲಾ ಅಗಲ ಅಗಲ ಸಿಕ್ಕಿವೆ. ಜಾಗ ಇದೆ. ಗೆಳೆಯರು ಸೇರಿ ಒಂದು ಶಾಲೆಯ ಮೈದಾನದಲ್ಲಿ ಮಣ್ಣಿನ ಕೋರ್ಟ್ ಮಾಡಬೇಕು ಅಂತ ಇದ್ದೇವೆ. ಸಿಮೆಂಟ್ ಕೋರ್ಟಿಗೆ ಅಷ್ಟು ದುಡ್ಡಿಲ್ಲ. ಆದರೆ ಅಲ್ಲಿರೋದು ಎರೆ ಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೇ ಕೋರ್ಟ್ ಮಾಡಬಹುದಾ?

ಮಸಾರಿ ಕೋರ್ಟ್, ವಿಜಯಪುರ

ತಮ್ಮಾ, ಎರೆ ಮಣ್ಣಿನ ಮೇಲೆ ನೇರವಾಗಿ ಮಾಡಲೇಬೇಡ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲೆ ಎಷ್ಟೇ ಚಂದ ಮಾಡಿದರೂ ಒಂದೇ ಬೇಸಿಗೆಗೆ ಒಡೆಯುತ್ತದೆ. ಸಿಮೆಂಟ್ ಹಾಕಿದರೂ ಅಷ್ಟೇ, ತಳ ಸರಿ ಇಲ್ಲದಿದ್ದರೆ ಸೀಳುತ್ತದೆ.

ಮೊದಲು ಎರೆಯನ್ನು ಕೈಲಾದಷ್ಟು ಆಳ ತೆಗೆಸಿ. ಆ ಗುಂಡಿಗೆ ಕಲ್ಲು, ಅದರ ಮೇಲೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು. ಗರಸನ್ನು ಒಂದೇ ಸಲ ಸುರಿಯಬಾರದು. ಸ್ವಲ್ಪ ಹಾಕು, ನೀರು ಹೊಡಿ, ರೋಲರ್ ಎಳಿ. ಮತ್ತೆ ಸ್ವಲ್ಪ ಹಾಕು. ಇದರಲ್ಲಿ ಅವಸರ ಮಾಡಿದರೆ ಮಳೆ ಬಂದಾಗ ಕೋರ್ಟ್ ಅಲ್ಲಲ್ಲಿ ಕೂರುತ್ತದೆ. ಎಲ್ಲಕ್ಕಿಂತ ಮೇಲೆ ಜರಡಿ ಹಿಡಿದ ಮಸಾರಿ, ಅಂದರೆ ಕೆಂಪು ಮಣ್ಣು. ಜರಡಿ ಹಿಡಿಯೋದು ಬೇಸರದ ಕೆಲಸ, ಆದರೆ ಬಿಡಬಾರದು. ಒಂದು ಸಣ್ಣ ಹರಳು ಉಳಿದರೂ ಚೆಂಡು ದಾರಿ ತಪ್ಪುತ್ತದೆ, ಕಾಲು ಜಾರುತ್ತದೆ.

ಉದ್ದವನ್ನು ಉತ್ತರ ದಕ್ಷಿಣಕ್ಕೆ ಇಡಿ. ಇಲ್ಲದಿದ್ದರೆ ಬೆಳಿಗ್ಗೆ ಒಬ್ಬನ ಕಣ್ಣಿಗೆ, ಸಂಜೆ ಇನ್ನೊಬ್ಬನ ಕಣ್ಣಿಗೆ ಸೂರ್ಯ. ಗೆರೆಗಳ ಒಳಗೆ 78 ಅಡಿ ಉದ್ದ, 36 ಅಡಿ ಅಗಲ ಬೇಕು. ಓಡಾಡಲು ಜಾಗ ಸೇರಿ 120ಕ್ಕೆ 60 ಅಡಿ ಹಿಡಿಯಿರಿ. ಇಳಿಜಾರು ಒಂದೇ ಬದಿಗೆ, ನೂರು ಅಡಿಗೆ ನಾಲ್ಕೈದು ಇಂಚು ಸಾಕು. ನೆಟ್ಟು ನಡುವೆ 3 ಅಡಿ, ಕಂಬದ ಹತ್ತಿರ ಮೂರೂವರೆ ಅಡಿ.

ಮಾಡಿದ ಮೇಲಿನ ಆರೈಕೆ ಇನ್ನೂ ಮುಖ್ಯ. ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಸಂಜೆ ಆಟ ಮುಗಿದ ಮೇಲೆ ಚಾಪೆ ಎಳೆದು ಹೆಜ್ಜೆ ಗುರುತು ಅಳಿಸಬೇಕು, ಆಮೇಲೆ ನೀರು ಚಿಮುಕಿಸಬೇಕು. ಬೆಳಿಗ್ಗೆ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳಿಗೆ ಅಂಟಬಾರದು, ಪುಡಿಯೂ ಆಗಬಾರದು. ಅದೇ ರೋಲರ್ ಎಳೆಯುವ ಹೊತ್ತು. ಆಮೇಲೆ ದಾರ ಕಟ್ಟಿ ಸುಣ್ಣದ ಗೆರೆ. ಈ ಕೆಲಸವನ್ನು ಮಕ್ಕಳ ಜೊತೆ ಸೇರಿ ಮಾಡಿ. ತಾವೇ ಗೆರೆ ಹಾಕಿದ ಕೋರ್ಟಿಗೆ ಮಕ್ಕಳು ತಪ್ಪದೆ ಬರುತ್ತಾರೆ, ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಧಾರವಾಡ ಬಸ್ಸು, ಬೆಳಗಾವಿ

ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಒಂದು ಮಾತು. ಕೆಂಪು ಚೆಂಡು, ಪುಟ್ಟ ಕೋರ್ಟ್ ಎಲ್ಲಾ ಸರಿ. ಅದು ಏಳೆಂಟು ವರ್ಷದವರನ್ನು ಉಳಿಸುತ್ತದೆ. ಹದಿಮೂರು ವರ್ಷಕ್ಕೆ ಬಿಡುವವರ ಕಥೆ ಏನು? ನಾನು ಬಿಟ್ಟದ್ದು ಆ ವಯಸ್ಸಿನಲ್ಲೇ. ಆಟ ಚೆನ್ನಾಗಿ ಬರುತ್ತಿತ್ತು. ಆದರೆ ಊರಲ್ಲಿ ನನ್ನ ವಯಸ್ಸಿನವರು ಬೆರಳೆಣಿಕೆಯಷ್ಟು ಮಂದಿ. ಅವರ ಜೊತೆಗೇ ಆಡಿ ಆಡಿ ಸಾಕಾಗಿತ್ತು. ಪಂದ್ಯ ಬೇಕು ಅಂದರೆ ಧಾರವಾಡ, ಇಲ್ಲಾ ಬೆಂಗಳೂರು. ಅಪ್ಪನಿಗೆ ರಜೆ ಸಿಗಬೇಕು, ಬಸ್ಸು, ಲಾಡ್ಜು, ಊಟ. ಎಷ್ಟು ಸಲ ಅಂತ ಹೋಗೋದು?

2023ರಲ್ಲಿ ಧಾರವಾಡದಲ್ಲೂ ಕಲಬುರಗಿಯಲ್ಲೂ ಅಂತಾರಾಷ್ಟ್ರೀಯ ಪುರುಷರ ಪಂದ್ಯಾವಳಿ ನಡೆದಾಗ ಬಹಳ ಖುಷಿಯಾಯ್ತು. ನಮ್ಮ ಭಾಗದ ಹುಡುಗರು ರ‍್ಯಾಂಕಿಂಗ್ ಆಟಗಾರರನ್ನು ಬೇಲಿ ಹತ್ತಿರ ನಿಂತು ನೋಡಿದರು. ಮಕ್ಕಳಿಗೆ ಏರಲು ಮೆಟ್ಟಿಲು ಬೇಕು ಸರ್. "ಅರವತ್ತಕ್ಕೂ ಆಡಲಿ" ಅನ್ನೋದು ಹದಿಮೂರರ ಹುಡುಗನ ರಕ್ತಕ್ಕೆ ಹತ್ತುವುದಿಲ್ಲ.

ಮಸಾರಿ ಕೋರ್ಟ್, ವಿಜಯಪುರ

ನೀವು ಹೇಳಿದ್ದು ನಿಜ. ಪಂದ್ಯ ಇಲ್ಲದೆ ಆ ವಯಸ್ಸಿನವರು ನಿಲ್ಲುವುದಿಲ್ಲ, ಒಪ್ಪುತ್ತೇನೆ. ಆದರೆ ಪಂದ್ಯ ಅಂದರೆ ರಾಜ್ಯ ಮಟ್ಟದ್ದೇ ಆಗಬೇಕು ಅಂತ ಯಾಕೆ? ವಿಜಯಪುರ, ಬಾಗಲಕೋಟೆ ಅಕ್ಕಪಕ್ಕದ ಊರು. ತಿಂಗಳಿಗೊಂದು ಭಾನುವಾರ ಒಂದು ಊರಿನ ಮಕ್ಕಳು ಇನ್ನೊಂದು ಊರಿಗೆ ಹೋಗಲಿ. ತಂಡವಾಗಿ ಆಡಲಿ. ಆರು ಗೇಮಿನ ಬದಲು ನಾಲ್ಕು ಗೇಮಿನ ಸೆಟ್, ಡ್ಯೂಸ್, ಅಂದರೆ 40-40 ಸಮ ಬಂದರೆ ಒಂದೇ ಪಾಯಿಂಟಿಗೆ ತೀರ್ಮಾನ. ಹೀಗೆ ಆಡಿಸಿದರೆ ಒಂದು ಬೆಳಗಿನಲ್ಲಿ ಪ್ರತಿ ಮಗುವಿಗೂ ಮೂರ‍್ನಾಲ್ಕು ಪಂದ್ಯ ಸಿಗುತ್ತದೆ. ಸೋತವರೂ ಮಧ್ಯಾಹ್ನದ ತನಕ ಆಡುತ್ತಾರೆ. ದೊಡ್ಡ ಪಂದ್ಯಾವಳಿಗೆ ದುಡ್ಡು ಖರ್ಚು ಮಾಡಿ ಹೋಗಿ, ಮೊದಲ ಸುತ್ತಿನಲ್ಲಿ ಸೋತು, ಅದೇ ದಿನ ಬಸ್ಸು ಹತ್ತುವ ಸಂಕಟ ಇರುವುದಿಲ್ಲ.

ಇನ್ನೊಂದು ಮಾತು. ಹುಡುಗರಿಗೆ ರೋಹನ್ ಬೋಪಣ್ಣ ಅವರ ಉದಾಹರಣೆ ಹೇಳಿ ನೋಡಿ. ಕೊಡಗಿನವರು. 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಅದೇ ಪಂದ್ಯಾವಳಿಯ ಬಳಿಕ ಡಬಲ್ಸ್‌ನಲ್ಲಿ ಜಗತ್ತಿನ ಒಂದನೇ ಸ್ಥಾನಕ್ಕೆ ಏರಿದರು. ಹದಿಮೂರಕ್ಕೆ ರಾಜ್ಯದಲ್ಲಿ ಹೆಸರು ಬರಲಿಲ್ಲ ಅಂತ ಮಗನನ್ನು ಬಿಡಿಸುವ ಅಪ್ಪಂದಿರಿಗೆ ಇದನ್ನು ಹೇಳಲೇಬೇಕು.

ನಸುಕಿನ ಡಬಲ್ಸ್, ವಿಜಯಪುರ

ನಾನು ಕಲಿಯಲು ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ. ಮಗನನ್ನು ಬಿಡಲು ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಒಂದು ದಿನ ಅಲ್ಲಿನ ಕೋಚ್ "ಅಕ್ಕಾವ್ರೇ, ಸುಮ್ನೆ ಯಾಕೆ ಕೂತಿದ್ದೀರಿ, ನೀವೂ ಬನ್ನಿ" ಅಂದರು. ಈಗ ನಾವು ನಾಲ್ಕು ಜನ ಹೆಂಗಸರು ಬೆಳಿಗ್ಗೆ ಬಿಸಿಲೇರುವ ಮೊದಲು ಡಬಲ್ಸ್ ಆಡುತ್ತೇವೆ. ಮಗ ಬಿಟ್ಟ, ನಾನು ಬಿಟ್ಟಿಲ್ಲ!

ಇಲ್ಲಿ ಎಲ್ಲರೂ ಮಕ್ಕಳ ಬಗ್ಗೆಯೇ ಬರೀತಿದ್ದಾರೆ. ತಾಯಂದಿರ ಬಗ್ಗೆಯೂ ಯೋಚಿಸಿ. ಕೋರ್ಟ್ ಪಕ್ಕ ದಿನಾ ಒಂದು ತಾಸು ಕಾಯುವವರು ಎಷ್ಟೊಂದು ಮಂದಿ ಇರ್ತಾರೆ. ಅವರ ಕೈಗೆ ಒಂದು ರಾಕೆಟ್ ಕೊಟ್ಟು ನೋಡಿ. ಮನೆಯಲ್ಲಿ ಅಮ್ಮ ಆಡುತ್ತಿದ್ದರೆ ಮಗು ಅಷ್ಟು ಸುಲಭಕ್ಕೆ ಬಿಡಲ್ಲ, ಬಿಟ್ಟರೂ ಮತ್ತೆ ಬರುತ್ತೆ.

ಸರ್, ನನ್ನ ಸರ್ವ್ ಮಾತ್ರ ಸುಧಾರಿಸುತ್ತಿಲ್ಲ. ಟಾಸ್, ಅಂದರೆ ಸರ್ವ್ ಹೊಡೆಯಲು ಮೇಲೆಸೆಯುವ ಚೆಂಡು, ಒಂದೊಂದು ಸಲ ಒಂದೊಂದು ಕಡೆ ಹೋಗುತ್ತದೆ. ಏನು ಮಾಡಲಿ?

ಮಸಾರಿ ಕೋರ್ಟ್, ವಿಜಯಪುರ

ತಂಗೀ, ನಿಮ್ಮ ಮಾತು ಓದಿ ಬಹಳ ಸಂತೋಷ ಆಯ್ತು. ತಾಯಂದಿರನ್ನು ಕರೆಯುವ ಕೆಲಸ ಎಲ್ಲಾ ಕೋರ್ಟಿನಲ್ಲೂ ಆಗಬೇಕು.

ಟಾಸ್ ತಪ್ಪುವುದು ಚೆಂಡನ್ನು ಅಂಗೈಯಲ್ಲಿ ಮುಷ್ಟಿ ಹಿಡಿದು, ಮಣಿಕಟ್ಟಿನಿಂದ ಚಿಮ್ಮುವುದರಿಂದ. ಚೆಂಡನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಹಿಡಿಯಿರಿ. ತೋಳನ್ನು ನೇರ ಇಟ್ಟು ಭುಜದಿಂದ ಎತ್ತಿ, ಕೈ ಕಣ್ಣಿನ ಎತ್ತರಕ್ಕೆ ಬಂದಾಗ ಬೆರಳು ಬಿಚ್ಚಿ. ಬಿಟ್ಟ ಮೇಲೂ ಕೈ ಮೇಲೇ ಇರಲಿ. ಹೊಡೆಯಬೇಡಿ, ಚೆಂಡು ಕೆಳಗೆ ಬೀಳಲು ಬಿಡಿ. ಎಡ ಪಾದದ ಮುಂದೆ, ಒಂದಡಿ ಒಳಗೆ ಬೀಳಬೇಕು. ಬಲಗೈ ಆಟಗಾರರಿಗೆ ಇದು. ಗೆರೆಯ ಮೇಲೆ ಒಂದು ಟವೆಲ್ ಹಾಕಿಟ್ಟು ಅಭ್ಯಾಸ ಮಾಡಿ. ಆಮೇಲೆ ರಾಕೆಟ್ ಇಲ್ಲದೆ, ಹಳೇ ಚೆಂಡನ್ನು ಭುಜದ ಮೇಲಿಂದ ನೆಟ್ ಆಚೆ ಎಸೆಯಿರಿ. ಗುಬ್ಬಿಗೆ ಕಲ್ಲು ಬೀಸಿದ ಹಾಗೆ ತೋಳು ಸಡಿಲವಾಗಿ ಬರಬೇಕು. ಸರ್ವ್ ಅಂದರೆ ಅದೇ ಬೀಸು, ಕೈಯಲ್ಲಿ ರಾಕೆಟ್ ಇರುತ್ತೆ ಅಷ್ಟೆ.

ಎಲುಬಿನ ಡಾಕ್ಟರ್, ಬಾಗಲಕೋಟೆ

ವೈದ್ಯನಾಗಿ ಎರಡು ಮಾತು ಸೇರಿಸುತ್ತೇನೆ, ನಾನೂ ವಾರಕ್ಕೆ ಒಂದೆರಡು ಸಲ ಆಡುವವನೇ.

ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದ ಜನರನ್ನು ಸುಮಾರು 25 ವರ್ಷ ಗಮನಿಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯ್ತು. ಏನೂ ವ್ಯಾಯಾಮ ಮಾಡದವರಿಗಿಂತ ಟೆನಿಸ್ ಆಡುವವರ ಆಯಸ್ಸು ಸರಾಸರಿ 9.7 ವರ್ಷ ಜಾಸ್ತಿ ಕಂಡಿತು. ಬ್ಯಾಡ್ಮಿಂಟನ್‌ಗೆ 6.2, ಜಾಗಿಂಗ್‌ಗೆ 3.2. ಟೆನಿಸ್ ಒಂದರಿಂದಲೇ ಆಯಸ್ಸು ಬಂತು ಅಂತ ಇದು ಸಾಬೀತು ಮಾಡುವುದಿಲ್ಲ. ಟೆನಿಸ್ ಆಡುವವರು ಹಣ, ಆರೋಗ್ಯ ಎರಡರಲ್ಲೂ ಮೊದಲೇ ಅನುಕೂಲಸ್ಥರಾಗಿರಬಹುದು. ಆದರೆ ಜೊತೆಗಾರರ ಜೊತೆ ಆಡುವ ಆಟಗಳೇ ಮೇಲೆ ಬಂದಿವೆ ಅನ್ನೋದನ್ನು ಗಮನಿಸಿ.

ನನ್ನ ಹತ್ತಿರ ಮೊಣಕೈ ಹೊರಬದಿಯ ನೋವು ಅಂತ ಬರುವವರಲ್ಲಿ ನಲವತ್ತು ದಾಟಿದವರೇ ಜಾಸ್ತಿ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳ ಬುಡಕ್ಕೆ ಬೀಳುವ ಎಳೆತದಿಂದ ಬರುವ ನೋವು ಅದು. ಬ್ಯಾಕ್‌ಹ್ಯಾಂಡ್ ತಡವಾಗಿ ಹೊಡೆಯುವುದು, ರಾಕೆಟ್ಟಿನ ತಂತಿ ಬಹಳ ಬಿಗಿ ಇರುವುದು, ನೆನೆದು ಭಾರವಾದ ಚೆಂಡು, ಹಿಡಿಕೆಯ ದಪ್ಪ ಹೊಂದದಿರುವುದು, ಇವೆಲ್ಲ ಕಾರಣ. ನೋವು ಬಂದ ಕೂಡಲೇ ಇಂಜೆಕ್ಷನ್ ಕೇಳಬೇಡಿ. ಸ್ವಲ್ಪ ದಿನ ಆಟ ಕಡಿಮೆ ಮಾಡಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖ ಮಾಡಿ, ಒಂದು ಸಣ್ಣ ತೂಕ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮ ಮಾಡಿ. ತಿಂಗಳುಗಟ್ಟಲೆ ತಾಳ್ಮೆ ಬೇಕು, ಆದರೆ ಹೆಚ್ಚಿನವರಿಗೆ ಗುಣವಾಗುತ್ತದೆ. ತಂತಿ ಮೆತ್ತಗಿರುವುದನ್ನು ಹಾಕಿಸಿ, ಬಿಗಿತ ನಾಲ್ಕೈದು ಪೌಂಡ್ ಇಳಿಸಿ.

ಟಿಳಕವಾಡಿ ತಾಯಿ, ಬೆಳಗಾವಿ

ಸರ್, ಮಳೆ ನಿಂತಿಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಹಗ್ಗ ಕಟ್ಟಿ, ಸ್ಪಂಜಿನ ಚೆಂಡಿನಲ್ಲಿ ಶುರು ಮಾಡಿದ್ದೇವೆ. ಮಗಳ ಜೊತೆ ಇನ್ನೂ ಐದಾರು ಮಕ್ಕಳು ಬರ್ತಿದ್ದಾರೆ. ನಿನ್ನೆ ನನ್ನನ್ನೂ ಎಳೆದು ನಿಲ್ಲಿಸಿದರು. ಕೆಂಪು ಚೆಂಡು ಬೆಳಗಾವಿ ಅಂಗಡಿಯಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಮಕ್ಕಳು ಗೋಡೆಗೆ ಹೊಡೆಯಬಹುದಾ? ಅದರಿಂದ ಕೆಟ್ಟ ಅಭ್ಯಾಸ ಬೀಳುತ್ತೆ ಅಂತ ಯಾರೋ ಹೇಳಿದರು.

ಮಸಾರಿ ಕೋರ್ಟ್, ವಿಜಯಪುರ

ಧಾರಾಳವಾಗಿ ಹೊಡೆಯಲಿ ತಾಯಿ. ಹತ್ತಿರ ನಿಂತು ರಪರಪ ಹೊಡೆದರೆ ಮಾತ್ರ ಬೀಸು ಮೊಟಕಾಗುತ್ತದೆ. ಗೋಡೆಯ ಮೇಲೆ 3 ಅಡಿ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅದಕ್ಕಿಂತ ಒಂದೆರಡು ಅಡಿ ಮೇಲೆ ಹೊಡೆಯಲು ಹೇಳಿ. ಚೆಂಡು ಎರಡು ಸಲ ಪುಟಿದ ಮೇಲೆ ಹೊಡೆದರೂ ಪರವಾಗಿಲ್ಲ, ಕಾಲು ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಒಮ್ಮೆ ಫೋರ್‌ಹ್ಯಾಂಡ್, ಒಮ್ಮೆ ಬ್ಯಾಕ್‌ಹ್ಯಾಂಡ್.

ಹೊಳೆಸಾಲಿನವ, ಬಾಗಲಕೋಟೆ ನವನಗರ

ಕಾಕಾ, ಶಾಲೆಯವರು ಒಪ್ಪಿದ್ದಾರೆ. ಗರಸು ಕೊಡಲು ಪರಿಚಯದ ಟ್ರ್ಯಾಕ್ಟರಿನವರೂ ಸಿಕ್ಕರು. ಕೆಲಸ ಯಾವಾಗ ಹಿಡಿಯೋಣ?

ಮಸಾರಿ ಕೋರ್ಟ್, ವಿಜಯಪುರ

ಹಿಂಗಾರು ಮಳೆ ನಿಲ್ಲಲಿ. ದೀಪಾವಳಿ ಕಳೆದ ಮೇಲೆ ಅಗೆಯಲು ಶುರು ಮಾಡಿ, ಬೇಸಿಗೆ ಬರುವಷ್ಟರಲ್ಲಿ ಮೇಲಿನ ಮಣ್ಣು ಕೂತಿರಬೇಕು. ಮಸಾರಿ ಮಣ್ಣು ಆರಿಸುವ ದಿನ ನನಗೆ ತಿಳಿಸು, ಬಂದು ನೋಡುತ್ತೇನೆ. ಮಕ್ಕಳ ಅಳತೆಯ ಹಳೇ ರಾಕೆಟ್‌ಗಳು ನನ್ನ ಹತ್ತಿರ ಇವೆ, ಅವನ್ನೂ ತರುತ್ತೇನೆ. ಬೆಳಗಾವಿಯ ಧಾರವಾಡ ಬಸ್ಸಿನವರೇ, ಮೊದಲ ಭಾನುವಾರದ ಪಂದ್ಯಕ್ಕೆ ನೀವೂ ಬರಬೇಕು. ದೊಡ್ಡ ಹುಡುಗರಿಗೆ ಎದುರಾಳಿ ಬೇಕಾಗುತ್ತಾರೆ.